ಮನ್ರೇಸಾದಲ್ಲಿ ಸಂತ ಇಗ್ನೇಷಿಯಸರನ್ನು ಕಾಡಿದ ಸಂಶಯ

ಜುಲೈ 31 ಸಂತ ಇಗ್ನೇಷಿಯಸ್ ಲೊಯೊಲಾ ಅವರ ಹಬ್ಬ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳ ಮೂಲಪುರುಷರೆಂದು ಕರಾವಳಿಯವರಾದ ನಾವು ಅವರನ್ನು ಬಲ್ಲೆವು. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದದ್ದು, ಹಾಸಿಗೆ ಹಿಡಿದಿದ್ದಾಗ ಕ್ರಿಸ್ತರ ಹಾಗೂ ಸಂತರ ಚರಿತ್ರೆ ಓದಿ ಮನಸ್ಸು ತಿರುಗಿದ್ದು ಧರ್ಮೋಪದೇಶ ಕಲಿಯುವ ಮಕ್ಕಳಿಗೂ ಗೊತ್ತು. ಮರುವರ್ಷ ಅವರು ಪಟ್ಟ ಸಂಕಟದ ಬಗ್ಗೆ ಪ್ರವಚನಗಳಲ್ಲಿ ಕೇಳಿಬರುವುದು ಕಡಿಮೆ.

1522ರ ಮಾರ್ಚ್‌ನಲ್ಲಿ ಅವರು ಸ್ಪೇನಿನ ಮೊನ್ಸೆರಾತ್ ಮಠಕ್ಕೆ ಹೋಗಿ, ಜೀವಮಾನದ ಪಾಪಗಳನ್ನೆಲ್ಲ ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದರು. ಕತ್ತಿಯನ್ನು ಅಲ್ಲೇ ಬಿಟ್ಟು ಹತ್ತಿರದ ಮನ್ರೇಸಾ ಊರಿಗೆ ಬಂದರು. ಕೆಲವೇ ದಿನವೆಂದು ಬಂದವರು ಉಳಿದದ್ದು ಹತ್ತು ತಿಂಗಳಿಗೂ ಹೆಚ್ಚು. ಸಂಶಯ ಶುರುವಾದದ್ದು ಅಲ್ಲಿಯೇ. ಅಷ್ಟು ಎಚ್ಚರಿಕೆಯಿಂದ ಹೇಳಿದ್ದರೂ ಏನೋ ಬಿಟ್ಟುಹೋಗಿದೆ, ಸರಿಯಾಗಿ ಹೇಳಿಲ್ಲ ಎಂದು ಮನಸ್ಸು ಚುಚ್ಚತೊಡಗಿತು. ಮತ್ತೆ ನಿವೇದನೆ ಮಾಡಿದರು. ಸಮಾಧಾನವಾಗಲಿಲ್ಲ. ನೆನಪಾದದ್ದನ್ನೆಲ್ಲ ಬರೆಯುವಂತೆ ಅಲ್ಲಿನ ಪ್ರಧಾನಾಲಯದ ಬೋಧಕರೊಬ್ಬರು ಹೇಳಿದರು, ಬರೆದರು. ಆದರೆ ಸಂಶಯ ಇನ್ನಷ್ಟು ಸೂಕ್ಷ್ಮವಾಗಿ ಮರಳಿ ಬಂತು.

ಹಳೆಯದನ್ನು ಇನ್ನು ಹೇಳಲೇಬೇಡ ಎಂದು ತಮ್ಮ ಗುರುಗಳು ಆಜ್ಞೆ ಮಾಡಿದರೆ ಸಾಕಿತ್ತು ಎಂದು ಅವರಿಗೆ ಒಳಗೊಳಗೇ ಅನಿಸಿತ್ತು. ಕೇಳಲು ಧೈರ್ಯ ಬರಲಿಲ್ಲ. ಆಶ್ಚರ್ಯವೆಂದರೆ ಗುರುಗಳು ತಾವಾಗಿಯೇ ಹಾಗೆ ಆಜ್ಞೆ ಮಾಡಿದರು. ಆದರೆ ತೀರಾ ಸ್ಪಷ್ಟವಾದದ್ದಿದ್ದರೆ ಮಾತ್ರ ಹೇಳು ಎಂದೂ ಸೇರಿಸಿದರು. ಕಾಡುವ ಮನಸ್ಸಿಗೆ ಎಲ್ಲವೂ ಸ್ಪಷ್ಟವೇ! ಆ ಒಂದು ಸಣ್ಣ ಕಿಂಡಿಯಿಂದ ಎಲ್ಲ ಸಂಶಯವೂ ಒಳನುಗ್ಗಿತು. ಪಾಪನಿವೇದನೆ ಕೇಳುವ ಗುರುಗಳಿಗೆ, ನೊಂದವರೊಡನೆ ಮಾತನಾಡುವ ವಾಳೆಯ ಗುರಿಕಾರರಿಗೆ ಈ ಘಟನೆ ನೆನಪಿರಬೇಕು.

ಆಗ ಅವರು ಡೊಮಿನಿಕನ್ ಮಠದ ಕೋಣೆಯೊಂದರಲ್ಲಿದ್ದರು. ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥನೆ. ಪ್ರಾರ್ಥಿಸುವ ಜಾಗದ ಪಕ್ಕದಲ್ಲೇ ದೊಡ್ಡ ಕಂಡಿಯೊಂದಿತ್ತು. ಅದರೊಳಗೆ ಹಾರಿ ಜೀವ ಕಳೆದುಕೊಳ್ಳಬೇಕೆಂಬ ಸೆಳೆತ ಪದೇ ಪದೇ ಬಂತು. ಅವರು ಹಾಗೆ ಮಾಡಲಿಲ್ಲ. (ಇಂಥ ಯೋಚನೆ ಬಂದವರು ಇಂದು 14416ಕ್ಕೆ, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ, ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.) ಬಳಿಕ ಒಂದು ವಾರ ಅನ್ನನೀರು ಬಿಟ್ಟರು. ಭಾನುವಾರ ಗುರುಗಳು ಗದರಿಸಿ ಉಣ್ಣಲು ಹೇಳಿದಾಗ ವಿಧೇಯರಾದರು. ಎರಡು ದಿನ ನೆಮ್ಮದಿ. ಮಂಗಳವಾರ ಪ್ರಾರ್ಥನೆಗೆ ನಿಂತಾಗ ಒಂದರ ಹಿಂದೆ ಒಂದು ಪಾಪ ದಾರದಲ್ಲಿ ಪೋಣಿಸಿದಂತೆ ಮತ್ತೆ ನೆನಪಾದವು.

ಅಂದು ಅವರಿಗೆ ಬೇಸರ ಬಂತು. ಈ ಯೋಚನೆಗಳು ಬರುವ ದಾರಿಯನ್ನೇ ಗಮನಿಸಿದರು. ಹಳೆಯ ಪಾಪವನ್ನು ಇನ್ನು ಮುಂದೆ ಹೇಳುವುದೇ ಇಲ್ಲವೆಂದು ತೀರ್ಮಾನಿಸಿದರು. ಅಂದಿನಿಂದ ಬಿಡುಗಡೆಯಾಯಿತು, ಅದು ದೇವರ ಕರುಣೆ ಎಂದು ಅವರು ನಂಬಿದರು.

ಐನೂರು ವರ್ಷದ ಹಿಂದಿನವರಿಗೆ ರೋಗದ ಹೆಸರಿಡುವುದು ನಮ್ಮ ಕೆಲಸವಲ್ಲ. ಆದರೆ ವೈದ್ಯರು ಇಂದು ಒಸಿಡಿ ಅಥವಾ ಗೀಳು ಕಾಯಿಲೆ ಎನ್ನುವುದರ ಗುರುತುಗಳು ಇವೇ: ಬೇಡವೆಂದರೂ ನುಗ್ಗುವ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಕ್ರಿಯೆ, ಮಾಡಿದಾಗ ಕ್ಷಣದ ನೆಮ್ಮದಿ, ಮತ್ತೆ ಅದೇ ಚಕ್ರ. ಒಬ್ಬರಿಗೆ ಕೈ ತೊಳೆಯುವುದು, ಇನ್ನೊಬ್ಬರಿಗೆ ಬೀಗ ನೋಡುವುದು, ಮತ್ತೊಬ್ಬರಿಗೆ ಜಪಸರದ ಒಂದೇ ಮಣಿಗೆ ಹತ್ತು ಸಲ ಹಿಂದಿರುಗುವುದು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದಕ್ಕೇ ಹೋಗುತ್ತಿದ್ದರೆ ಅಥವಾ ಮನೆ, ಕೆಲಸ ಕೆಡುತ್ತಿದ್ದರೆ ಅದನ್ನು ಭಕ್ತಿಯೆಂದು ಬಿಡದೆ ವೈದ್ಯರಿಗೆ ತೋರಿಸಬೇಕು. ಮನಸ್ಸು ಗಟ್ಟಿ ಮಾಡಿಕೋ ಎಂಬ ಬುದ್ಧಿವಾದದಿಂದ ಇದು ವಾಸಿಯಾಗದು. ಔಷಧವಿದೆ. ಭಯವನ್ನು ಎದುರಿಸುತ್ತಲೇ ಆ ಕ್ರಿಯೆಯನ್ನು ಮಾಡದೆ ಉಳಿಯುವ ತರಬೇತಿಯೂ ಇದೆ. ಇಗ್ನೇಷಿಯಸರು ಕೊನೆಗೆ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ತಮ್ಮ ಅನುಭವವನ್ನು ಅವರು ವ್ಯರ್ಥ ಮಾಡಲಿಲ್ಲ. 1548ರಲ್ಲಿ ಮೂರನೇ ಪೌಲ್ ಜಗದ್ಗುರುಗಳ ಒಪ್ಪಿಗೆ ಪಡೆದ ಅವರ ಆತ್ಮಿಕ ಸಾಧನೆಗಳ ಪುಸ್ತಕದಲ್ಲಿ ಸಂಶಯಗಳ ಕುರಿತೇ ಕೆಲವು ಸೂಚನೆಗಳಿವೆ. ದಾರಿಯಲ್ಲಿ ಶಿಲುಬೆಯಾಕಾರದಲ್ಲಿ ಬಿದ್ದ ಎರಡು ಹುಲ್ಲುಕಡ್ಡಿಗಳನ್ನು ತಿಳಿಯದೆ ತುಳಿದವನ ಉದಾಹರಣೆ ಅಲ್ಲಿದೆ. ತಪ್ಪು ಮಾಡಿದೆನೆಂದು ಒಮ್ಮೆ, ಇಲ್ಲವೆಂದು ಇನ್ನೊಮ್ಮೆ ಆ ಮನಸ್ಸು ತೂಗಾಡುತ್ತದಲ್ಲ, ನಿಜವಾದ ಸಂಶಯರೋಗ ಅದೇ ಎಂದು ಅವರು ಗುರುತಿಸಿದ್ದರು. 1553ರಿಂದ 1555ರ ನಡುವೆ, ಸಾವಿಗೆ ಸ್ವಲ್ಪ ಮೊದಲು, ಅವರು ರೋಮ್‌ನಲ್ಲಿ ತಮ್ಮ ಕಥೆಯನ್ನು ಸಂಗಡಿಗರೊಬ್ಬರಿಗೆ ಹೇಳಿ ಬರೆಯಿಸಿದರು. ಮನ್ರೇಸಾದ ಕೋಣೆಯ ಆ ಕಂಡಿಯನ್ನೂ ಮರೆಮಾಚಲಿಲ್ಲ.