ಹಿಮದ ಮೇಲೆ ಬಂಡಿ ಓಡಿಸಿದವನು

ನಮ್ಮಲ್ಲಿ ಹಿಮವನ್ನು ಕಣ್ಣಾರೆ ಕಂಡವರು ವಿರಳ. ಭೂಗೋಳದ ಪುಸ್ತಕದ ಚಿತ್ರಗಳಲ್ಲಿ ನೋಡಿದ್ದೇವೆ, ಐಸ್ ಕ್ಯಾಂಡಿ ತಿನ್ನುವಾಗ ಅದರ ತಣ್ಪನ್ನು ಊಹಿಸಿದ್ದೇವೆ, ಅಷ್ಟೆ. ಆದರೆ ಮಳೆಗಾಲದಲ್ಲಿ ಹೊಳೆ ತುಂಬಿ, ಕಡವು ನಿಂತು, ಆಚೆ ದಡದ ಮಕ್ಕಳು ಶಾಲೆಗೆ ಬಾರದೆ ಉಳಿದ ದಿನಗಳ ಸಂಗತಿಯನ್ನು ಹಿರಿಯರಿಂದ ಕೇಳಿರುತ್ತೇವೆ. ಅಂಥ ದಿನ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಏನು ಗತಿ? ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಹಳ್ಳಿಗಳಲ್ಲಿ ಹಿಂದೆ ಪ್ರತಿ ಚಳಿಗಾಲವೂ ಹೀಗೆಯೇ ಕಳೆಯುತ್ತಿತ್ತು. ರಸ್ತೆಗಳು ಹಿಮದಡಿಯಲ್ಲಿ ಹೂತುಹೋಗುತ್ತಿದ್ದವು. ಮೋಟಾರುಗಳನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ, ಜನರು ಕುದುರೆ ಕಟ್ಟಿದ ಜಾರುಬಂಡಿಯನ್ನೇ ನೆಚ್ಚಿ ಬದುಕಬೇಕಾಗಿತ್ತು. ಆ ಹಿಮದ ಮೇಲೆ ಯಂತ್ರದ ಬಂಡಿಯನ್ನು ಓಡಿಸಿಯೇ ತೀರುವೆನೆಂದು ಹೊರಟ ಒಬ್ಬ ಹಳ್ಳಿಯ ಮೆಕ್ಯಾನಿಕ್‌ನ ಕಥೆ ಇದು.

ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯರ್ 1907ನೇ ಇಸವಿ ಏಪ್ರಿಲ್ 16ರಂದು ಕ್ವಿಬೆಕ್‌ನ ವಾಲ್‌ಕೂರ್ ಎಂಬ ಊರಿನ ಬಳಿ ಜನಿಸಿದನು. ಎಂಟು ಮಂದಿ ಮಕ್ಕಳಲ್ಲಿ ಅವನೇ ಹಿರಿಯ. ಮನೆಮಾತು ಫ್ರೆಂಚ್. ಕೆಟ್ಟ ಗಡಿಯಾರ ಕೈಗೆ ಸಿಕ್ಕಿತೆಂದರೆ ಸಾಕು, ಹುಡುಗನು ಅದನ್ನು ಬಿಚ್ಚಿ, ಅದರ ಹಲ್ಲುಚಕ್ರಗಳಿಂದ ತಾನಾಗಿ ಚಲಿಸುವ ಆಟಿಕೆಗಳನ್ನು ಮಾಡುತ್ತಿದ್ದನು. ಮನೆಯ ಮೋಟಾರನ್ನೂ ಬಿಚ್ಚಿ ನೋಡುವ ಚಪಲ ಹೆಚ್ಚಾದಾಗ ತಂದೆ ಆಲ್ಫ್ರೆಡ್ ಒಂದು ಉಪಾಯ ಹೂಡಿದನು. ಓಡದೆ ಮೂಲೆ ಸೇರಿದ್ದ ಒಂದು ಹಳೆಯ ಫೋರ್ಡ್ ಮಾಡೆಲ್ ಟಿ ಕಾರನ್ನು ಮಗನಿಗೇ ಕೊಟ್ಟುಬಿಟ್ಟನು. ಇನ್ನಾದರೂ ತನ್ನ ಗಾಡಿ ಉಳಿದೀತೆಂಬುದು ಅವನ ಲೆಕ್ಕಾಚಾರ.

ಮಗನ ಲೆಕ್ಕಾಚಾರವೇ ಬೇರೆ. ಆ ಕಾರಿನ ಇಂಜಿನನ್ನು ಕಿತ್ತು ಜಾರುಬಂಡಿಯ ಚೌಕಟ್ಟಿನ ಮೇಲೆ ಕೂರಿಸಿ, ಹಿಂಬದಿಗೆ ವಿಮಾನದ ರೆಕ್ಕೆಚಕ್ರದಂಥ ಮರದ ಪ್ರೊಪೆಲರನ್ನು ಕಟ್ಟಿದನು. 1922ರ ಡಿಸೆಂಬರ್ 31ರಂದು ಊರವರು ಹೊಸ ವರ್ಷದ ಸಡಗರದಲ್ಲಿದ್ದಾಗ, ಆರ್ಮಾಂಡನೂ ಅವನ ತಮ್ಮ ಲಿಯೋಪೋಲ್ಡನೂ ಈ ವಿಚಿತ್ರ ವಾಹನವನ್ನು ಹತ್ತಿ ಹಿಮದ ಬೀದಿಯಲ್ಲಿ ಹೊರಟೇಬಿಟ್ಟರು. ತಮ್ಮನು ಮುಂದೆ ಕುಳಿತು ದಿಕ್ಕು ತಿರುಗಿಸುವವನು, ಅಣ್ಣನು ಹಿಂದೆ ಇಂಜಿನಿನ ಬಳಿ. ಬಂಡಿ ಗರ್ಜಿಸುತ್ತ ಓಡಿತು. ಆದರೆ ಮರೆಯೇ ಇಲ್ಲದೆ ಸುತ್ತುತ್ತಿದ್ದ ಆ ಪ್ರೊಪೆಲರನ್ನು ಕಂಡ ತಂದೆಗೆ ಎದೆ ನಡುಗಿತು. ಯಾರದಾದರೂ ಕೈಯೋ ತಲೆಯೋ ಹೋದೀತೆಂದು, ಕೂಡಲೇ ಬಿಚ್ಚಿಹಾಕಬೇಕೆಂದು ಆಜ್ಞೆ ಮಾಡಿದನು. ಹುಡುಗನಿಗೆ ಆಗ 15 ವರ್ಷ. ತಂದೆಯ ಭಯ ನ್ಯಾಯವಾದದ್ದೇ. ಆದರೂ ಆ ರಾತ್ರಿ ಹುಡುಗನಿಗೆ ನಿದ್ದೆ ಬಂದಿತ್ತೇ ಎಂದು ನಾನು ಆಲೋಚಿಸಿದ್ದುಂಟು.

ಮಗನು ಪಾದ್ರಿಯಾಗಬೇಕೆಂಬುದು ಮನೆಯವರ ಹಂಬಲ. ಅದಕ್ಕಾಗಿ ಶೆರ್‌ಬ್ರೂಕ್ ನಗರದ ಗುರುಮಠದ ಶಾಲೆಗೆ ಅವನನ್ನು ಸೇರಿಸಿದ್ದರು. 17ನೆಯ ವಯಸ್ಸಿಗೆ ಅವನು ಅದನ್ನು ಬಿಟ್ಟು, ತಂದೆಯನ್ನು ಒಪ್ಪಿಸಿ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯಲು ನಿಂತನು. ಆಮೇಲೆ ಮಾಂಟ್ರಿಯಲ್ ನಗರಕ್ಕೆ ಹೋಗಿ, ಹಗಲು ದುಡಿದು, ಸಂಜೆಯ ತರಗತಿಗಳಲ್ಲಿ ಯಂತ್ರಶಾಸ್ತ್ರವನ್ನೂ ವಿದ್ಯುತ್ತಿನ ಪಾಠವನ್ನೂ ಓದಿದನು. ತಾಂತ್ರಿಕ ಪತ್ರಿಕೆಗಳು ಇಂಗ್ಲಿಷಿನಲ್ಲಿದ್ದುದರಿಂದ ಆ ಭಾಷೆಯನ್ನೂ ಕಲಿತನು. ಮನೆಮಾತು ಒಂದು, ಪುಸ್ತಕದ ಮಾತು ಇನ್ನೊಂದು ಎಂಬ ಕಷ್ಟ ಗಡಿನಾಡಿನವರಾದ ನಮಗೆ ಹೊಸದಲ್ಲ. 1926ರಲ್ಲಿ, 19ನೆಯ ವಯಸ್ಸಿನಲ್ಲಿ, ತಂದೆಯ ಸಹಾಯದಿಂದ ವಾಲ್‌ಕೂರ್‌ನಲ್ಲಿ ಸ್ವಂತ ಗ್ಯಾರೇಜು ತೆರೆದನು. 1929ರಲ್ಲಿ ಇವೋನ್ ಲಾಬ್ರೆಕ್ ಎಂಬವಳೊಡನೆ ಅವನ ವಿವಾಹವಾಯಿತು.

ಬೇಸಿಗೆಯಲ್ಲಿ ಗ್ಯಾರೇಜಿಗೆ ಬಿಡುವಿಲ್ಲದ ಕೆಲಸ. ಚಳಿಗಾಲದಲ್ಲಿ ಗಾಡಿಗಳೇ ಓಡದ ಮೇಲೆ ರಿಪೇರಿ ಎಲ್ಲಿಂದ ಬರಬೇಕು? ಆ ಬಿಡುವನ್ನೆಲ್ಲ ಅವನು ಹಿಮವಾಹನದ ಪ್ರಯೋಗಗಳಿಗೆ ಮೀಸಲಿಟ್ಟನು. ಹತ್ತಿರ ಹತ್ತಿರ ಹತ್ತು ವರ್ಷ ಒಂದಾದ ಮೇಲೊಂದು ಮಾದರಿಯನ್ನು ಕಟ್ಟಿದನು, ಮುರಿದನು, ಪುನಃ ಕಟ್ಟಿದನು.

1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗು ಇವಾನ್‌ಗೆ ಹೊಟ್ಟೆನೋವು ಕಾಣಿಸಿತು. ಅಪೆಂಡಿಕ್ಸ್ ಒಡೆದು ನಂಜೇರಿತ್ತು. ಶಸ್ತ್ರಚಿಕಿತ್ಸೆಯಾಗಬೇಕಾದರೆ ಸುಮಾರು 50 ಕಿಲೋಮೀಟರು ದೂರದ ಶೆರ್‌ಬ್ರೂಕ್‌ನ ಆಸ್ಪತ್ರೆಗೆ ಹೋಗಬೇಕು. ದಾರಿಯೆಲ್ಲ ಹಿಮ. ಹಿಮದ ಬಂಡಿಯನ್ನು ಕಟ್ಟುವವನ ಮನೆಯಲ್ಲಿಯೇ ಆ ದಿನ ಓಡುವ ಸ್ಥಿತಿಯಲ್ಲಿದ್ದ ಬಂಡಿಯಿರಲಿಲ್ಲ. ಪ್ರಯೋಗದ ಗಾಡಿ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಸ್ಥಿತಿಯಲ್ಲಿತ್ತು. ಮಗು ತೀರಿಕೊಂಡಿತು.

ಆಮೇಲೆ ಅವನು ಹಟ ತೊಟ್ಟು ಕುಳಿತನು. ತೊಡಕು ಎಲ್ಲಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕೆಸರು ಗದ್ದೆಯಲ್ಲಿ ಕಾಲಿಟ್ಟರೆ ಮೊಣಕಾಲ ತನಕ ಹೂಳುತ್ತದೆ. ಅದೇ ಒಂದು ಅಗಲವಾದ ಹಲಗೆ ಹಾಸಿ ನಿಂತರೆ ಅಷ್ಟು ಹೂಳುವುದಿಲ್ಲ. ಭಾರ ಹರಡುವುದೇ ಅದಕ್ಕೆ ಕಾರಣ. ಮೋಟಾರಿನ ಚಕ್ರವು ಹಿಮದಲ್ಲಿ ಬರಿಗಾಲಿನಂತೆ. ಅದಕ್ಕೆ ಬದಲಾಗಿ ಚಕ್ರಗಳ ಸುತ್ತ ಉದ್ದನೆಯ ಪಟ್ಟಿಯನ್ನು ತೊಡಿಸಿದರೆ ಗಾಡಿ ತನ್ನ ಹಲಗೆಯನ್ನು ತಾನೇ ಹಾಸಿಕೊಳ್ಳುತ್ತ ಸಾಗುತ್ತದೆ. ಇದು ಬೇರೆಯವರಿಗೂ ಗೊತ್ತಿತ್ತು. ಆದರೆ ಪಟ್ಟಿಯನ್ನು ಎಳೆಯುವ ಹಲ್ಲುಚಕ್ರದಲ್ಲಿ ಹಿಮ ಸೇರಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಬೊಂಬಾರ್ಡಿಯರ್ ಆ ಹಲ್ಲುಚಕ್ರಕ್ಕೆ ರಬ್ಬರಿನ ಹೊದಿಕೆ ಹಾಕಿ, ಪಟ್ಟಿಯನ್ನೂ ರಬ್ಬರಿನಿಂದಲೇ ಮಾಡಿ, ಅಡ್ಡಲಾಗಿ ಉಕ್ಕಿನ ಪಟ್ಟಿಗಳನ್ನು ಕೂಡಿಸಿದನು. ಮುಂದುಗಡೆ ತಿರುಗಿಸಲು ಎರಡು ಸ್ಕೀಗಳು. 1935ರಲ್ಲಿ ಇದು ಫಲಿಸಿತು. 1937ರ ಜೂನಿನಲ್ಲಿ ಪೇಟೆಂಟ್ ದೊರೆಯಿತು.

ಈ ವಿಧಾನದಿಂದ ತಯಾರಾದ ಬಿ-7 ಎಂಬ ಗಾಡಿಯಲ್ಲಿ ಏಳು ಜನ ಕುಳಿತುಕೊಳ್ಳಬಹುದಾಗಿತ್ತು. ಮೊದಲು ಕೊಂಡವರು ಯಾರು ಗೊತ್ತೇ? ಹಳ್ಳಿಯ ವೈದ್ಯರು, ಪಾದ್ರಿಗಳು, ಟಪಾಲು ಸಾಗಿಸುವವರು. ಅದರ ಹಿಂದೆಯೇ ಹನ್ನೆರಡು ಜನರ ಬಿ-12 ಬಂತು. ದುಂಡು ಕಿಟಕಿಗಳ ಆ ಗಾಡಿ ಎಷ್ಟೋ ಊರುಗಳಲ್ಲಿ ಆಂಬುಲೆನ್ಸಾಗಿ ಓಡಿತು. ಸುಮಾರು 25 ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಸಿ-18 ಎಂಬ ಹಿಮದ ಬಸ್ಸೂ ತಯಾರಾಯಿತು. 1942ರಲ್ಲಿ ಕಂಪೆನಿ ವಿಧಿವತ್ತಾಗಿ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿಯೂ ಪಟ್ಟಿಗಾಡಿಗಳನ್ನು ಮಾಡಿಕೊಟ್ಟದ್ದಾಯಿತು.

ಅಷ್ಟರಲ್ಲಿ ಒಂದು ಪೆಟ್ಟು ಬಿತ್ತು. 1948ರಲ್ಲಿ ಕ್ವಿಬೆಕ್ ಸರಕಾರವು ಹಳ್ಳಿಯ ರಸ್ತೆಗಳ ಹಿಮವನ್ನು ತಾನೇ ತೆಗೆಸಲು ತೊಡಗಿತು. ಮಾಮೂಲು ಕಾರು ಚಳಿಗಾಲದಲ್ಲೂ ಓಡುವಂತಾದಾಗ ಹಿಮಗಾಡಿ ಯಾರಿಗೆ ಬೇಕು? ವ್ಯಾಪಾರ ಕುಸಿಯಿತು. ಹದಿನಾಲ್ಕು ವರ್ಷ ಮೊದಲೇ ಆ ರಸ್ತೆ ತೆರೆದಿದ್ದರೆ ಇವಾನ್ ಬದುಕುತ್ತಿದ್ದನೋ ಏನೋ. ಕಾರ್ಖಾನೆಯ ಯಜಮಾನನಿಗೆ ನಷ್ಟ ತಂದ ಆ ಹುಕುಂ, ತಂದೆಯಾದವನಿಗೆ ಎಂಥ ಸಂಕಟವನ್ನು ತಂದಿರಬಹುದು!

ಕೈಕಟ್ಟಿ ಕೂರುವ ಜಾಯಮಾನ ಅವನದಲ್ಲ. ರಸ್ತೆಯಿಲ್ಲದ ಕಾಡು, ಜೌಗು ನೆಲಗಳ ಕಡೆಗೆ ಗಮನ ಹರಿಸಿದನು. 1953ರಲ್ಲಿ ಬಂದ ಮಸ್ಕೆಗ್ ಟ್ರಾಕ್ಟರು ಹಲವು ದೇಶಗಳಿಗೆ ಹೋಯಿತು. ಆದರೆ ಒಬ್ಬಿಬ್ಬರಷ್ಟೇ ಏರಿ ಹೋಗುವ ಚಿಕ್ಕ ಗಾಡಿಯ ಹಳೆಯ ಕನಸು ಅವನನ್ನು ಬಿಟ್ಟಿರಲಿಲ್ಲ. ಹಗುರವಾದ ಇಂಜಿನ್ ಮೊದಲು ಸಿಗುತ್ತಿರಲಿಲ್ಲ. 1950ರ ದಶಕದ ಕೊನೆಗೆ ಅದೂ ಸಿಕ್ಕಿತು. ಮಗ ಜೆರ್ಮೇನ್ ಬೆಸುಗೆಯಿಲ್ಲದ ಒಂದೇ ಸುತ್ತಿನ ರಬ್ಬರು ಪಟ್ಟಿಯನ್ನು ರೂಪಿಸಿಕೊಟ್ಟನು. 1959ರ ಏಪ್ರಿಲಿನಲ್ಲಿ ಒಂದು ಮಾದರಿಯನ್ನು ಉತ್ತರ ಒಂಟಾರಿಯೋದಲ್ಲಿ ಆದಿವಾಸಿಗಳ ನಡುವೆ ಇದ್ದ ತನ್ನ ಮಿತ್ರ, ಪಾದ್ರಿ ಮೊರೀಸ್ ವಿಮೆಗೆ ಒಯ್ದು ಕೊಟ್ಟನು. ನಾಯಿಗಳು ಎಳೆಯುವ ಜಾರುಬಂಡಿಯ ಬದಲಿಗೆಂದು ಸ್ಕೀ-ಡಾಗ್ ಎಂದು ಹೆಸರಿಡಬೇಕೆಂದಿದ್ದು, ಅದು ಹೇಗೋ ಸ್ಕೀ-ಡೂ ಆಯಿತೆಂದು ಹೇಳುತ್ತಾರೆ. ಮೊದಲ ಚಳಿಗಾಲದಲ್ಲಿ ಮಾರಾಟವಾದವು 225. 1963–64ರ ಹಂಗಾಮಿಗೆ ಅದು 8,000 ದಾಟಿತು.

ಪಾದ್ರಿಗಳಿಗೂ ಬೇಟೆಗಾರರಿಗೂ ಎಂದು ಮಾಡಿದ ಗಾಡಿಯನ್ನು ಸಂಸಾರಗಳು ಕೊಂಡುಕೊಂಡವು. ಮನೆಯೊಳಗೆ ಮುದುಡಿ ಕೂರುತ್ತಿದ್ದ ಜನ ರಜೆಯ ದಿನ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹಿಮದ ಬಯಲಿಗೆ ಹೊರಟರು. ಬೊಂಬಾರ್ಡಿಯರನಿಗೆ ಮಾತ್ರ ಈ ವಿನೋದದ ವ್ಯಾಪಾರದಲ್ಲಿ ಪೂರ್ಣ ನಂಬಿಕೆ ಹುಟ್ಟಲಿಲ್ಲ. ಎಲ್ಲ ಹಣವನ್ನೂ ಒಂದೇ ಆಟದ ಗಾಡಿಯ ಮೇಲೆ ಸುರಿಯಬಾರದೆಂದು ತಯಾರಿಕೆಯನ್ನು ಹತೋಟಿಯಲ್ಲೇ ಇಟ್ಟಿದ್ದನು. ಅದರ ಪೂರ್ಣ ಯಶಸ್ಸನ್ನು ಅವನು ಕಾಣಲಿಲ್ಲ. 40ಕ್ಕೂ ಹೆಚ್ಚು ಪೇಟೆಂಟುಗಳ ಒಡೆಯನಾಗಿದ್ದ ಅವನು 1964ರ ಫೆಬ್ರವರಿ 18ರಂದು, 56ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ನಿಧನ ಹೊಂದಿದನು.

ಮುಂದೆ ಅಳಿಯ ಲೋರಾನ್ ಬೋದ್ವಾನ್‌ನ ಕಾಲದಲ್ಲಿ ಕಂಪೆನಿ ರೈಲು, ವಿಮಾನಗಳಿಗೂ ಕೈಹಾಕಿತು. ದೆಹಲಿ ಮೆಟ್ರೋದ ಎಷ್ಟೋ ಬೋಗಿಗಳನ್ನು ಒದಗಿಸಿದ್ದು ಬೊಂಬಾರ್ಡಿಯರ್ ಕಂಪೆನಿಯೇ. ಆ ರೈಲು ವಿಭಾಗ 2021ರಲ್ಲಿ ಬೇರೆಯವರ ಪಾಲಾಯಿತು. ಹಿಮಗಾಡಿಯ ಭಾಗವು 2003ರಲ್ಲೇ ಬೇರ್ಪಟ್ಟು ಬಿ.ಆರ್.ಪಿ. ಎಂಬ ಹೆಸರಿನಲ್ಲಿ ವಾಲ್‌ಕೂರ್‌ನಲ್ಲೇ ಉಳಿಯಿತು. ದೊಡ್ಡವರ ಗಾಡಿ ಬರಬರುತ್ತ ಭಾರವಾಗಿ, ವೇಗವಾಗಿ, ಹುಡುಗರ ಕೈಗೆ ನಿಲ್ಲದಂತಾಯಿತು. ಎಳೆಯ ಮಕ್ಕಳಿಗೆಂದು ಮಾಡಿದ ಪುಟ್ಟ ಗಾಡಿಯೋ, ಹತ್ತು ಹನ್ನೆರಡು ವರ್ಷವಾಗುವಾಗ ಸಾಲದು. ಆ ನಡುವಿನವರಿಗಾಗಿ, ಹೊಸದಾಗಿ ಕಲಿಯುವ ತಾಯಂದಿರಿಗೂ ಒದಗುವಂತೆ, 2023ರಲ್ಲಿ ನಿಯೋ ಎಂಬ ನಡುಗಾತ್ರದ ಸ್ಕೀ-ಡೂ ಹೊರಬಂತು. ಅದರ ಆಸನ ತಗ್ಗು, ಹಿಡಿಕೆ ಹತ್ತಿರ, ಇಂಜಿನಿನ ಬಲ ಮಿತ. ತಿರುಗುವ ಭಾಗಗಳೆಲ್ಲ ಮುಚ್ಚಳದೊಳಗೆ. 1922ರಲ್ಲಿ ಆಲ್ಫ್ರೆಡ್ ಬೊಂಬಾರ್ಡಿಯರ್ ಇಂಥದೊಂದನ್ನು ಕಂಡಿದ್ದರೆ ಬಿಚ್ಚಿಹಾಕೆನ್ನುತ್ತಿದ್ದನೇ?

ವಾಲ್‌ಕೂರ್‌ನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವೊಂದು 1971ರಲ್ಲಿ ತೆರೆಯಿತು. 1926ರಲ್ಲಿ ಅವನು ಕೆಲಸ ಆರಂಭಿಸಿದ ಗ್ಯಾರೇಜನ್ನು ಅಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.