ಪಂಜೆ ಮಂಗೇಶರಾಯರು

ಮನೆಯಲ್ಲೊಂದು ಮಾತು, ಬೀದಿಯಲ್ಲಿನ್ನೊಂದು, ಶಾಲೆಯಲ್ಲಿ ಕನ್ನಡ. ಈ ಪರಿಸ್ಥಿತಿ ಹೈದರಾಬಾದಿನ ನಮ್ಮ ಮಕ್ಕಳಿಗೆ ಮಾತ್ರವೇ ಒದಗಿದ್ದೆಂದು ನಾವು ಭಾವಿಸಬೇಕಾಗಿಲ್ಲ. 1874ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಊರಿನ ಮಾತು ತುಳು. ಆದರೂ ಕನ್ನಡದ ಎಳೆಯರ ನಾಲಗೆಗೆ ಹಾಡುಗಳನ್ನು ತಂದ ಮೊದಲಿಗರಲ್ಲಿ ಅವರೊಬ್ಬರು.

ಮಂಗಳೂರಿನಲ್ಲಿ ಅಧ್ಯಾಪಕರಾಗಿದ್ದ ಅವರು ಬಳಿಕ ಶಾಲಾ ಇನ್‌ಸ್ಪೆಕ್ಟರರಾದರು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರೂ ಆಗಿದ್ದರು. ಕೊಡಗನ್ನು ಕೊಂಡಾಡುವ ‘ಹುತ್ತರಿ ಹಾಡು’ ಅವರದೇ. ಇನ್‌ಸ್ಪೆಕ್ಟರರು ಬರುವರೆಂದರೆ ಮಕ್ಕಳಿರಲಿ, ಉಪಾಧ್ಯಾಯರೇ ಅಂಜುತ್ತಿದ್ದ ಕಾಲವದು. ಅಂಥ ಅಧಿಕಾರದಲ್ಲಿದ್ದವರು ಕೋಳಿ, ಇಲಿ, ನಾಗರಹಾವುಗಳನ್ನು ಕಥೆಗೂ ಪದ್ಯಕ್ಕೂ ಕರೆತಂದರು. ‘ಕವಿಶಿಷ್ಯ’ ಎಂಬ ಹೆಸರಿನಿಂದ ಬರೆದರು. ಗುರುವಾಗಿದ್ದವರು ಶಿಷ್ಯನ ಹೆಸರನ್ನೇ ಆರಿಸಿಕೊಂಡುದು, ನಮಗಂತೂ, ಅವರ ಯಾವ ಪದವಿಗಿಂತಲೂ ಪ್ರಿಯವಾದ ಸಂಗತಿ.

ನಿವೃತ್ತರಾದ ಮೇಲೆ ಅವರಿಗೆ ಸಂದ ದೊಡ್ಡ ಸನ್ಮಾನವೆಂದರೆ 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷಸ್ಥಾನ. ರಾಯಚೂರು ಆಗ ನಿಜಾಮರ ರಾಜ್ಯಕ್ಕೆ ಸೇರಿತ್ತು. ಶಾಲೆಗಳಲ್ಲಿ ಉರ್ದುವಿನದೇ ಪ್ರಾಬಲ್ಯ. ಮಕ್ಕಳಿಗೆ ತಾಯ್ನುಡಿಯ ಪಾಠವೇ ದುರ್ಲಭವಾಗಿದ್ದ ಆ ನೆಲದಲ್ಲಿ, ಮಕ್ಕಳಿಗಾಗಿ ಬರೆದ ಉಪಾಧ್ಯಾಯರೊಬ್ಬರು ಕನ್ನಡಿಗರ ಸಭೆಯ ಅಗ್ರಪೀಠದಲ್ಲಿ ಕುಳಿತರು. ಮೂರು ವರ್ಷಗಳ ತರುವಾಯ, 1937ರ ಅಕ್ಟೋಬರಿನಲ್ಲಿ, ನಮ್ಮ ಈ ಹೈದರಾಬಾದಿನಲ್ಲಿಯೇ ಅವರು ಸ್ವರ್ಗಸ್ಥರಾದರು.