ನೀರಾ ಪರೀಕ್ಷಿಸಿದ ಕಮಲಾ ಸೊಹೋನಿ

ಮೋರಟಗಿ ಕಡೆ ಈಚಲು ಮರ ಅಂದ್ರೆ ಸೇಂದಿ ನೆನಪಾಗುತ್ತೆ. ಹುಳಿಯೋಕೆ ಮೊದಲು ಅದೇ ರಸ ನೀರಾ.

1911ರಲ್ಲಿ ಹುಟ್ಟಿದ ಕಮಲಾ, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಅಂತ ಸಿ.ವಿ. ರಾಮನ್ ಬೇಡ ಅಂದರು. (ನೊಬೆಲ್ ಬಂದವರೂ ಹೀಗೇ!) ಕಮಲಾ ಹಟ ಬಿಡಲಿಲ್ಲ. ಕೊನೆಗೆ ಷರತ್ತು ಹಾಕಿ, ಮೊದಲ ವರ್ಷ ಪರೀಕ್ಷೆಯ ಮೇಲೆ ಸೇರಿಸಿಕೊಂಡರು. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಅವರು ಮಾಡಿದ ಕೆಲಸ ನೋಡಿ ರಾಮನ್ ಮನಸ್ಸು ಬದಲಾಯಿತು. ಆಮೇಲೆ ಬೇರೆ ಹುಡುಗಿಯರಿಗೂ ಸೀಟು ಸಿಕ್ಕಿತು. 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ.

ನೀರಾ ಕೆಲಸ ಆಮೇಲಿನದು, ಬಾಂಬೆಯಲ್ಲಿ. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಲಹೆಯಂತೆ ಪರೀಕ್ಷಿಸಿದಾಗ ವಿಟಮಿನ್ ಸಿ, ಕಬ್ಬಿಣ ಕಂಡವು. ಸರಿಯಾದ ಊಟವಿಲ್ಲದ ಆದಿವಾಸಿ ಮಕ್ಕಳಿಗೆ, ಬಸುರಿಯರಿಗೆ ಕೊಟ್ಟಾಗ ಆರೋಗ್ಯ ಸುಧಾರಿಸಿತು. ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ನಿರ್ದೇಶಕಿ ಹುದ್ದೆಗೆ ಮಾತ್ರ ವರ್ಷಗಟ್ಟಲೆ ಕಾಯಬೇಕಾಯಿತು. 1998ರಲ್ಲಿ ತೀರಿಕೊಂಡರು.